ಲಸಿಕೆಯ ವಿಚಾರದಲ್ಲಿ ನಿಮಗೆ ಕೊಟ್ಟ ಮಾತು: ಸೆನೆಟರ್ ಬಿಲ್ ಕ್ಯಾಸಿಡಿ ಅವರಿಗೆ ಬಹಿರಂಗ ಪತ್ರ

ಜನವರಿ 2026

ಡಾ. ಬಿಲ್ ಕ್ಯಾಸಿಡಿ ಅವರಿಗೆ,
ಅಧ್ಯಕ್ಷರು, ಸೆನೆಟ್‌ನ ಆರೋಗ್ಯ, ಶಿಕ್ಷಣ, ಕಾರ್ಮಿಕ ಮತ್ತು ಪಿಂಚಣಿ ಸಮಿತಿ,
ವಾಷಿಂಗ್ಟನ್.

ಮಾನ್ಯರೇ,

ರಾಬರ್ಟ್ ಎಫ್. ಕೆನಡಿ ಜೂನಿಯರ್ ಅವರನ್ನು ಆರೋಗ್ಯ ಕಾರ್ಯದರ್ಶಿಯಾಗಿ ಏಕೆ ಒಪ್ಪುತ್ತಿದ್ದೀರಿ ಎಂಬುದನ್ನು 2025ರ ಫೆಬ್ರವರಿ 4ರಂದು ನೀವು ಸೆನೆಟ್ ಸದನದಲ್ಲಿ ವಿವರಿಸಿದಿರಿ. ಎಸಿಐಪಿ ಎಂದು ಕರೆಯಲಾಗುವ ಲಸಿಕಾ ಸಲಹಾ ಸಮಿತಿಯ ಶಿಫಾರಸುಗಳನ್ನು ಬದಲಿಸದೆ ಉಳಿಸಿಕೊಳ್ಳುವುದಾಗಿಯೂ, ಲಸಿಕೆಯಿಂದ ಆಟಿಸಂ ಬರುವುದಿಲ್ಲ ಎಂದು ಸರ್ಕಾರದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿಯ ಜಾಲತಾಣದಲ್ಲಿದ್ದ ಮಾತನ್ನು ತೆಗೆಯುವುದಿಲ್ಲವೆಂದೂ ಅವರು ನಿಮಗೆ ಮಾತು ಕೊಟ್ಟಿದ್ದಾರೆ ಎಂದು ಅಂದು ದೇಶಕ್ಕೆ ತಿಳಿಸಿದಿರಿ. ಅದೇ ದಿನ ಹಣಕಾಸು ಸಮಿತಿಯಲ್ಲಿ ಅವರ ನೇಮಕಕ್ಕೆ 14 ಮತಗಳು ಪರವಾಗಿ, 13 ವಿರುದ್ಧವಾಗಿ ಬಿದ್ದವು. ನೀವು ಬೇಡವೆಂದಿದ್ದರೆ ಆ ನೇಮಕ ಅಲ್ಲಿಯೇ ನಿಲ್ಲಬಹುದಿತ್ತು. ಒಂಬತ್ತು ದಿನಗಳ ನಂತರ ಇಡೀ ಸೆನೆಟ್ 52–48ರಿಂದ ಅದನ್ನು ಅಂಗೀಕರಿಸಿತು.

ನಾನು ಕರ್ನಾಟಕದಿಂದ ಬಂದು ಈ ದೇಶದಲ್ಲಿ ನೆಲೆಸಿದವಳು. ಬರುವ ಬೇಸಿಗೆಯಲ್ಲಿ ನನ್ನ ಮಗಳಿಗೆ ಮಗು ಹುಟ್ಟಲಿದೆ. ಈ ಪತ್ರವನ್ನು ಕನ್ನಡದಲ್ಲಿ ಬರೆದು ಎಲ್ಲರೂ ಓದುವಂತೆ ಪ್ರಕಟಿಸುತ್ತಿರುವುದಕ್ಕೆ ಕಾರಣವಿದೆ. ಇಲ್ಲಿನ ಕನ್ನಡ ಮನೆಗಳಲ್ಲಿ ಮಗುವಿನ ಚುಚ್ಚುಮದ್ದಿನ ಮಾತು ತಂದೆತಾಯಿಯರ ನಡುವೆ ಮಾತ್ರ ನಡೆಯುವುದಿಲ್ಲ. ಬಾಣಂತನಕ್ಕೆಂದು ಊರಿನಿಂದ ಬಂದ ಅಜ್ಜಿಯರು ಆ ಮಾತಿನಲ್ಲಿ ಸೇರಿಕೊಳ್ಳುತ್ತಾರೆ, ಊರಿನಲ್ಲಿರುವವರು ಫೋನಿನಲ್ಲಿ ಕೇಳುತ್ತಾರೆ. ಸರ್ಕಾರವೇ ಬೇಡವೆಂದಿದೆಯಂತೆ ಎಂಬ ಒಂದು ಸಾಲು ವಾಟ್ಸಾಪಿನಲ್ಲಿ ಬಂದರೆ ಅದು ಬೆಂಗಳೂರು, ಹುಬ್ಬಳ್ಳಿಗಳಿಗೂ ತಲುಪುತ್ತದೆ.

ನಿಮಗೆ ಮಾತು ಕೊಟ್ಟ ಮೇಲೆ ನಡೆದದ್ದನ್ನು ನನಗಿಂತ ನೀವೇ ಚೆನ್ನಾಗಿ ಬಲ್ಲಿರಿ. ಆದರೂ ಒಂದೆಡೆ ಇಟ್ಟು ನೋಡಬೇಕಾಗಿದೆ. ಮೇ 27ರಂದು ಕಾರ್ಯದರ್ಶಿಗಳು ಒಂದು ಚಿಕ್ಕ ವಿಡಿಯೋದಲ್ಲಿ ಕಾಣಿಸಿಕೊಂಡು, ಆರೋಗ್ಯವಂತ ಮಕ್ಕಳಿಗೆ ಮತ್ತು ಆರೋಗ್ಯವಂತ ಗರ್ಭಿಣಿಯರಿಗೆ ಕೋವಿಡ್ ಲಸಿಕೆಯ ಶಿಫಾರಸನ್ನು ಹಿಂತೆಗೆದುಕೊಂಡಿರುವುದಾಗಿ ಪ್ರಕಟಿಸಿದರು. ಸಲಹಾ ಸಮಿತಿ ಅದನ್ನು ಚರ್ಚಿಸಿ ಮತ ಹಾಕಿರಲಿಲ್ಲ. ಜೂನ್ 9ರಂದು ಆ ಸಮಿತಿಯ 17 ಸದಸ್ಯರನ್ನೂ ಒಮ್ಮೆಗೇ ತೆಗೆದುಹಾಕಿ, ತಾವು ಆರಿಸಿದವರನ್ನು ಕೂರಿಸಿದರು. ಸಿಡಿಸಿಯ ನಿರ್ದೇಶಕಿ ಸುಸಾನ್ ಮೊನಾರೆಜ್ ಅವರನ್ನು ಸೆನೆಟ್ ಒಪ್ಪಿ ಒಂದು ತಿಂಗಳಾಗುವಷ್ಟರಲ್ಲಿ ಹುದ್ದೆಯಿಂದ ಕಳಚಲಾಯಿತು. ಹೊಸ ಸಮಿತಿಯ ಶಿಫಾರಸುಗಳಿಗೆ ಮುಂಚಿತವಾಗಿಯೇ ಒಪ್ಪಿಗೆ ಕೊಡುವಂತೆ ತಮ್ಮನ್ನು ಕೇಳಲಾಗಿತ್ತೆಂದು ಅವರು ಸೆಪ್ಟೆಂಬರಿನಲ್ಲಿ ಪ್ರಮಾಣ ಮಾಡಿ ಹೇಳಿದ್ದು ನಿಮ್ಮ ಸಮಿತಿಯ ಎದುರಿನಲ್ಲಿಯೇ. ನವೆಂಬರಿನಲ್ಲಿ ಸಿಡಿಸಿಯ ಜಾಲತಾಣ ಬದಲಾಯಿತು. ಲಸಿಕೆಯಿಂದ ಆಟಿಸಂ ಬರುವುದಿಲ್ಲ ಎಂಬ ಶೀರ್ಷಿಕೆಯನ್ನು ಉಳಿಸಿ, ಅದರ ಪಕ್ಕದಲ್ಲಿ ನಕ್ಷತ್ರ ಚಿಹ್ನೆ ಹಾಕಿ, ನಿಮ್ಮೊಂದಿಗಿನ ಒಪ್ಪಂದದ ಕಾರಣಕ್ಕಷ್ಟೇ ಈ ಸಾಲನ್ನು ಉಳಿಸಲಾಗಿದೆ ಎಂಬ ಅರ್ಥದ ಟಿಪ್ಪಣಿ ಸೇರಿಸಲಾಯಿತು. ಕೆಳಗೆ, ಆ ಹೇಳಿಕೆಗೆ ಪುರಾವೆಯ ಆಧಾರವಿಲ್ಲವೆಂದು ಬರೆಯಲಾಯಿತು. ಕೊಟ್ಟ ಮಾತಿನ ಅಕ್ಷರವನ್ನು ಉಳಿಸಿ ಅರ್ಥವನ್ನು ಅಳಿಸಿದ ಕೆಲಸವಿದು. ಅದಕ್ಕೆ ನಿಮ್ಮ ಹುದ್ದೆಯ ಹೆಸರನ್ನೇ ಬಳಸಿಕೊಂಡಿದ್ದಾರೆ ಎಂಬುದು ನನಗೆ ನೋವಿನ ಸಂಗತಿ.

ಡಿಸೆಂಬರ್ 5ರಂದು ಹೊಸ ಸಮಿತಿ ಹೆಪಟೈಟಿಸ್ ಬಿ ಲಸಿಕೆಯ ಮೇಲೆ ಕೈಯಿಟ್ಟಿತು. ತಾಯಿಗೆ ಸೋಂಕಿಲ್ಲವೆಂದು ಪರೀಕ್ಷೆಯಲ್ಲಿ ಗೊತ್ತಾಗಿದ್ದರೆ ಹುಟ್ಟಿದ ಕೂಡಲೇ ಮಗುವಿಗೆ ಲಸಿಕೆ ಶಿಫಾರಸು ಮಾಡಬೇಕಾಗಿಲ್ಲ, ತಂದೆತಾಯಿ ವೈದ್ಯರೊಂದಿಗೆ ಮಾತಾಡಿ ತೀರ್ಮಾನಿಸಲಿ, ಆಗ ಹಾಕಿಸದಿದ್ದರೆ ಎರಡು ತಿಂಗಳಿಗೆ ಮೊದಲು ಬೇಡ ಎಂದು 8–3 ಮತಗಳಿಂದ ನಿರ್ಧರಿಸಿತು. ಈ ವಿಷಯದಲ್ಲಿ ಸ್ವಲ್ಪ ಹೆಚ್ಚು ಬರೆಯಲು ನಿಮ್ಮ ಅನುಮತಿ ಕೋರುತ್ತೇನೆ, ಏಕೆಂದರೆ ಇದು ಯಕೃತ್ತಿನ ವೈದ್ಯರಾಗಿ ನೀವು ವೃತ್ತಿಜೀವನವಿಡೀ ಚಿಕಿತ್ಸೆ ನೀಡಿದ ರೋಗ.

ಹುಟ್ಟುವಾಗ ಈ ವೈರಸ್ ತಗುಲಿದ ಹತ್ತು ಮಕ್ಕಳಲ್ಲಿ ಒಂಬತ್ತು ಮಕ್ಕಳಿಗೆ ಅದು ಜೀವನಪೂರ್ತಿ ಉಳಿಯುತ್ತದೆ, ಹಾಗೆ ಉಳಿದವರಲ್ಲಿ ನಾಲ್ವರಿಗೊಬ್ಬರಂತೆ ಯಕೃತ್ತಿನ ರೋಗದಿಂದಲೋ ಕ್ಯಾನ್ಸರಿನಿಂದಲೋ ಅಕಾಲದಲ್ಲಿ ಸಾಯುತ್ತಾರೆ. ದೊಡ್ಡವರಿಗೆ ತಗುಲಿದರೆ ಬಹುಪಾಲು ಜನರಲ್ಲಿ ತಾನಾಗಿಯೇ ಇಳಿದುಹೋಗುವ ಸೋಂಕು ಹಸುಗೂಸಿನಲ್ಲಿ ಬೇರೂರುತ್ತದೆ ಎಂಬುದೇ ಮೊದಲ ದಿನದ ಚುಚ್ಚುಮದ್ದಿಗೆ ಕಾರಣ. ಇದು ಲೈಂಗಿಕವಾಗಿ ಹರಡುವ ರೋಗ, ಹನ್ನೆರಡು ವರ್ಷದ ತನಕ ಕಾಯಬಹುದು ಎಂದು ಅಧ್ಯಕ್ಷ ಟ್ರಂಪ್ ಅವರು ಸೆಪ್ಟೆಂಬರಿನಲ್ಲಿ ಹೇಳಿದರು. ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಮಗುವಿಗೆ ಹರಡುವುದನ್ನು, ಮನೆಯೊಳಗೆ ಒಂದೇ ರೇಜರ್, ಒಂದೇ ಹಲ್ಲುಜ್ಜುವ ಬ್ರಷ್ ಬಳಸುವುದರಿಂದ ಹರಡುವುದನ್ನು, ದೇಹದ ಹೊರಗೆ ಏಳು ದಿನವಾದರೂ ವೈರಸ್ ಬದುಕಿರುತ್ತದೆ ಎಂಬುದನ್ನು ಆ ಮಾತು ಮರೆಮಾಡುತ್ತದೆ. ಈ ವೈರಸ್ಸನ್ನು ಮೊದಲು ಗುರುತಿಸಿ 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲಂಬರ್ಗ್ ನಿಮ್ಮ ದೇಶದವರೇ. ಅಪಾಯವಿರುವ ತಾಯಂದಿರನ್ನು ಮಾತ್ರ ಹುಡುಕಿ ಅವರ ಮಕ್ಕಳಿಗಷ್ಟೇ ಲಸಿಕೆ ಕೊಡುವ ದಾರಿಯನ್ನು 1980ರ ದಶಕದಲ್ಲಿ ಅಮೆರಿಕ ಪ್ರಯತ್ನಿಸಿ ನೋಡಿ, ಅದರಿಂದ ರೋಗ ತಗ್ಗದಿದ್ದಾಗ 1991ರಲ್ಲಿ ಎಲ್ಲ ಹಸುಗೂಸುಗಳಿಗೂ ಕೊಡಬೇಕೆಂದು ತೀರ್ಮಾನಿಸಿತು. ಅದಕ್ಕೂ ಮೊದಲು ವರ್ಷಕ್ಕೆ ಸುಮಾರು 18,000 ಮಕ್ಕಳು ಹತ್ತು ವರ್ಷ ತುಂಬುವ ಮೊದಲೇ ಸೋಂಕಿಗೆ ಒಳಗಾಗುತ್ತಿದ್ದರು. ಆ ನಂತರ ಮಕ್ಕಳಲ್ಲೂ ಹದಿಹರೆಯದವರಲ್ಲೂ ಹೊಸ ಸೋಂಕು ಶೇ. 99ರಷ್ಟು ಇಳಿಯಿತು. ಸೋತ ದಾರಿ ಯಾವುದೆಂದು ನೋಡಿ ಆದ ಮೇಲೆ ಮತ್ತೆ ಅದೇ ದಾರಿಗೆ ದೇಶವನ್ನು ಕರೆದೊಯ್ಯಲಾಗುತ್ತಿದೆ.

ನಮ್ಮಂಥವರ ಮನೆಗಳಲ್ಲಿ ಇದರ ಅರ್ಥ ಇನ್ನಷ್ಟು ಗಂಭೀರ. ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಹೆಪಟೈಟಿಸ್ ಬಿ ಪ್ರಯೋಗವಾಗಿ ಸೇರಿದ್ದು 2002ರ ಸುಮಾರಿಗೆ, ಇಡೀ ದೇಶಕ್ಕೆ ವಿಸ್ತರಿಸಿದ್ದು 2011ರಲ್ಲಿ. ಎಂದರೆ ಈಗ ಬಾಣಂತನಕ್ಕೆ ಬರುವ ಅಜ್ಜ ಅಜ್ಜಿಯರ ತಲೆಮಾರಿಗೆ ಬಾಲ್ಯದಲ್ಲಿ ಈ ಲಸಿಕೆ ಸಿಕ್ಕಿಲ್ಲ. ತಾಯಿಯ ರಕ್ತಪರೀಕ್ಷೆ ಅವಳ ಸಂಗತಿಯನ್ನಷ್ಟೇ ಹೇಳುತ್ತದೆ, ಮಗುವನ್ನು ಎತ್ತಿಕೊಳ್ಳುವ ಹತ್ತು ಕೈಗಳ ಸಂಗತಿಯನ್ನು ಹೇಳುವುದಿಲ್ಲ. ಮುದ್ದಿನಿಂದ ಎತ್ತಿಕೊಂಡ ಮಾತ್ರಕ್ಕೆ ಈ ರೋಗ ಅಂಟುವುದಿಲ್ಲವೆಂದು ಸ್ಪಷ್ಟವಾಗಿ ಹೇಳಬಯಸುತ್ತೇನೆ, ಅನಗತ್ಯ ಭಯ ಹುಟ್ಟಿಸುವುದು ನನ್ನ ಉದ್ದೇಶವಲ್ಲ. ಆದರೆ ಒಂದೇ ಮನೆಯಲ್ಲಿ ತಿಂಗಳುಗಟ್ಟಲೆ ಬಾಳುವಾಗ ಗಾಯ, ರಕ್ತ, ಹಂಚಿಕೊಂಡ ವಸ್ತುಗಳ ಸಂಪರ್ಕ ಬಂದೇ ಬರುತ್ತದೆ. ಇಂದು ಕರ್ನಾಟಕದ ಯಾವುದೇ ತಾಲ್ಲೂಕು ಆಸ್ಪತ್ರೆಯಲ್ಲಿ ಮಗು ಹುಟ್ಟಿದರೆ ಇಪ್ಪತ್ತನಾಲ್ಕು ಗಂಟೆಗಳೊಳಗೆ ಈ ಲಸಿಕೆ ಕೊಡಬೇಕೆಂಬುದು ರಾಷ್ಟ್ರೀಯ ವೇಳಾಪಟ್ಟಿಯ ನಿಯಮ. ಈ ಲಸಿಕೆಗೆ ಕಾರಣವಾದ ಸಂಶೋಧನೆ ನಡೆದ ದೇಶದಲ್ಲಿ ಆ ನಿಯಮ ಈಗ ಉಳಿದಿಲ್ಲ.

ಇನ್ನು ಈ ತಿಂಗಳ 5ರಂದು ನಡೆದದ್ದು. ಎಲ್ಲ ಮಕ್ಕಳಿಗೂ ಶಿಫಾರಸು ಮಾಡುವ ಲಸಿಕೆಗಳು 17 ರೋಗಗಳಿಂದ 11 ರೋಗಗಳಿಗೆ ಇಳಿದವು. ದಡಾರ, ಪೋಲಿಯೊ, ನಾಯಿಕೆಮ್ಮು ಮೊದಲಾದವುಗಳ ಲಸಿಕೆ ಪಟ್ಟಿಯಲ್ಲಿ ಉಳಿದಿವೆ ಎಂಬುದನ್ನು ಓದುಗರು ಗಮನಿಸಬೇಕು. ಫ್ಲೂ, ರೋಟಾವೈರಸ್, ಹೆಪಟೈಟಿಸ್ ಎ ಮತ್ತು ಬಿ, ಮೆನಿಂಜೊಕಾಕಸ್, ಕೋವಿಡ್ ಲಸಿಕೆಗಳು ಅಪಾಯ ಹೆಚ್ಚಿರುವವರಿಗೆ ಅಥವಾ ವೈದ್ಯರೊಂದಿಗೆ ಚರ್ಚಿಸಿ ತೀರ್ಮಾನಿಸಬೇಕಾದ ವರ್ಗಕ್ಕೆ ಸರಿದವು. ಈ ಬಾರಿ ಕಾರ್ಯದರ್ಶಿಗಳು ತಾವೇ ನೇಮಿಸಿದ ಸಲಹಾ ಸಮಿತಿಯ ಮುಂದೆಯೂ ವಿಷಯವನ್ನು ಇಡಲಿಲ್ಲ. ವಿಮೆ ಮುಂದುವರಿಯುತ್ತದೆ ಎಂದು ಇಲಾಖೆ ಹೇಳಿದೆ, ಅದು ಒಳ್ಳೆಯದು. ಆದರೆ ಕೆಲಸಕ್ಕೆ ರಜೆ ಹಾಕಿ, ಹದಿನೈದು ನಿಮಿಷದ ಭೇಟಿಗೆ ಮಗುವನ್ನು ಕರೆದುಕೊಂಡು ಹೋಗುವ ತಂದೆತಾಯಿಗೆ ಚರ್ಚಿಸಿ ತೀರ್ಮಾನಿಸಿ ಎಂಬ ಮಾತು ಸ್ವಾತಂತ್ರ್ಯದಂತೆ ಕೇಳಿಸುವುದಿಲ್ಲ, ಈ ಲಸಿಕೆಯ ಬಗ್ಗೆ ಸರ್ಕಾರಕ್ಕೇ ಅನುಮಾನವಿದೆ ಎಂದು ಕೇಳಿಸುತ್ತದೆ. ತೀರ್ಮಾನಿಸುವ ಹಕ್ಕು ಅವರಿಗೆ ಮೊದಲೂ ಇತ್ತು. ಶಿಫಾರಸು ಯಾವತ್ತೂ ಕಡ್ಡಾಯವಾಗಿರಲಿಲ್ಲ ಎಂದು ನೀವೇ ಹೇಳಿದ್ದೀರಿ. ಈಗ ಹೋದದ್ದು ಹಕ್ಕಿನ ಜೊತೆಗೆ ಸಿಗುತ್ತಿದ್ದ ಸ್ಪಷ್ಟ ಸಲಹೆ.

ಫ್ಲೂ ಲಸಿಕೆಯನ್ನು ಪಟ್ಟಿಯಿಂದ ಸರಿಸಲು ಆರಿಸಿಕೊಂಡ ಸಮಯವನ್ನೂ ನೋಡಿ. ಹಿಂದಿನ ಹಂಗಾಮಿನಲ್ಲಿ ಈ ದೇಶದಲ್ಲಿ ಸುಮಾರು 280 ಮಕ್ಕಳು ಫ್ಲೂನಿಂದ ಸತ್ತರು, ಅವರಲ್ಲಿ ಬಹುಪಾಲು ಮಕ್ಕಳಿಗೆ ಪೂರ್ತಿ ಲಸಿಕೆ ಆಗಿರಲಿಲ್ಲ. ರೋಟಾವೈರಸ್ ಲಸಿಕೆ 2006ರಲ್ಲಿ ಬರುವ ಮುಂಚೆ ಇಲ್ಲಿ ವರ್ಷಕ್ಕೆ 55,000ಕ್ಕೂ ಹೆಚ್ಚು ಮಕ್ಕಳು ವಾಂತಿಭೇದಿಯಿಂದ ಆಸ್ಪತ್ರೆ ಸೇರುತ್ತಿದ್ದರು. ಭಾರತ ಅದೇ ಲಸಿಕೆಯನ್ನು 2016ರಲ್ಲಿ ಆರಂಭಿಸಿ 2019ರ ಹೊತ್ತಿಗೆ ಎಲ್ಲ ರಾಜ್ಯಗಳ ಮಕ್ಕಳಿಗೂ ಉಚಿತವಾಗಿ ತಲುಪಿಸಿತು.

ಹೊಸ ವೇಳಾಪಟ್ಟಿಗೆ ಡೆನ್ಮಾರ್ಕ್ ಮಾದರಿಯೆಂದು ಹೇಳಲಾಗಿದೆ. ಡೆನ್ಮಾರ್ಕ್ ಸುಮಾರು 60 ಲಕ್ಷ ಜನರ ದೇಶ. ಅಲ್ಲಿ ಎಲ್ಲರಿಗೂ ಸರ್ಕಾರದ ವೈದ್ಯಕೀಯ ಸೇವೆಯಿದೆ, ಗರ್ಭಿಣಿಯರ ಪರೀಕ್ಷೆ ಹೆಚ್ಚುಕಡಿಮೆ ಯಾರನ್ನೂ ಬಿಡದೆ ನಡೆಯುತ್ತದೆ, ಪ್ರತಿಯೊಬ್ಬರ ಆರೋಗ್ಯದ ದಾಖಲೆ ರಾಷ್ಟ್ರೀಯ ನೋಂದಣಿಯಲ್ಲಿರುತ್ತದೆ. 34 ಕೋಟಿ ಜನರ, ಕೋಟ್ಯಂತರ ಮಂದಿ ವಿಮೆಯೇ ಇಲ್ಲದೆ ಬದುಕುವ ಈ ದೇಶಕ್ಕೆ ಆ ಸೇವೆಯನ್ನು ತರದೆ ಅದರ ಚಿಕ್ಕ ಲಸಿಕಾಪಟ್ಟಿಯನ್ನು ಮಾತ್ರ ತಂದರೆ, ಅದು ಪಕ್ಕದ ಮನೆಯ ಛಾವಣಿ ನೋಡಿ ನಮ್ಮ ಮನೆಯ ಕಂಬ ಕಿತ್ತಂತೆ ಆಗುತ್ತದೆ. ಜರ್ಮನಿ, ಬ್ರಿಟನ್, ಜಪಾನುಗಳು ಎಲ್ಲ ಶಿಶುಗಳಿಗೂ ಹೆಪಟೈಟಿಸ್ ಬಿ ಲಸಿಕೆ ಕೊಡುತ್ತವೆ. ಅವು ಮಾದರಿಯಾಗಲಿಲ್ಲ.

ಗರ್ಭಿಣಿಯರ ವಿಚಾರ ಸಾರ್ವಜನಿಕ ಚರ್ಚೆಯಲ್ಲಿ ಹಿಂದೆ ಉಳಿದಿದೆ. ಆರು ತಿಂಗಳೊಳಗಿನ ಕೂಸಿಗೆ ಕೋವಿಡ್ ಲಸಿಕೆ ಕೊಡಲು ಬರುವುದಿಲ್ಲ. ಅದಕ್ಕೆ ಇರುವ ರಕ್ಷಣೆ ತಾಯಿಯ ರಕ್ತದಿಂದ ಹೊಕ್ಕುಳಬಳ್ಳಿಯ ಮೂಲಕ ಬಂದ ಪ್ರತಿಕಾಯಗಳು ಮಾತ್ರ. ಗರ್ಭಿಣಿಗೆ ಲಸಿಕೆಯ ಶಿಫಾರಸು ತೆಗೆದುಹಾಕುವುದೆಂದರೆ ಎರಡು ಜೀವಗಳ ವಿಷಯದಲ್ಲಿ ಒಂದೇ ಬಾರಿಗೆ ತೀರ್ಮಾನ ಮಾಡಿದಂತೆ. ಅಮೆರಿಕದ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ಸಂಘ 2025ರ ಆಗಸ್ಟಿನಲ್ಲಿ ಗರ್ಭಿಣಿಯರಿಗೆ ಕೋವಿಡ್ ಲಸಿಕೆಯ ಶಿಫಾರಸನ್ನು ಮತ್ತೆ ದೃಢಪಡಿಸಿತು. ಅಮೆರಿಕದ ಮಕ್ಕಳ ವೈದ್ಯರ ಸಂಘ ತನ್ನದೇ ಸಲಹೆಗಳನ್ನು ಪ್ರಕಟಿಸುತ್ತಿದೆ. ಕ್ಯಾಲಿಫೋರ್ನಿಯಾ, ಆರೆಗಾನ್, ವಾಷಿಂಗ್ಟನ್, ಹವಾಯಿ ರಾಜ್ಯಗಳು ಕೂಡಿ ತಮ್ಮದೇ ಒಕ್ಕೂಟ ಕಟ್ಟಿಕೊಂಡಿವೆ. ನನ್ನ ಮಗಳು ಯಾರ ಮಾತು ಕೇಳಬೇಕೆಂದು ನನ್ನನ್ನು ಕೇಳಿದಾಗ, ನಿನ್ನ ಪ್ರಸೂತಿ ತಜ್ಞರ ಮಾತು ಕೇಳು ಎಂದು ಹೇಳಿದೆ. ಇಷ್ಟು ವರ್ಷ ಈ ದೇಶದಲ್ಲಿದ್ದು, ಸರ್ಕಾರದ ಮಾತು ಕೇಳು ಎಂದು ಹೇಳಲಾರದೆ ಹೋದದ್ದು ಇದೇ ಮೊದಲು.

ಅಕ್ಟೋಬರಿನಲ್ಲಿ ಸರ್ಕಾರದ ಮುಖ್ಯ ಸಾರ್ವಜನಿಕ ಆರೋಗ್ಯ ವೈದ್ಯರಾಗಿದ್ದ ಆರು ಮಂದಿ ಮಾಜಿ ಸರ್ಜನ್ ಜನರಲ್‌ಗಳು, ರಿಪಬ್ಲಿಕನ್ ಮತ್ತು ಡೆಮಾಕ್ರಟಿಕ್ ಎರಡೂ ಪಕ್ಷಗಳ ಅಧ್ಯಕ್ಷರ ಕಾಲದವರೂ ಸೇರಿ, ಕಾರ್ಯದರ್ಶಿಗಳ ನಡೆಗಳು ದೇಶದ ಆರೋಗ್ಯಕ್ಕೆ ಅಪಾಯವೆಂದು ಜಂಟಿಯಾಗಿ ಬರೆದರು. ಅವರಲ್ಲೊಬ್ಬರಾದ ವಿವೇಕ್ ಮೂರ್ತಿಯವರ ಮನೆತನದ ಬೇರು ಮಂಡ್ಯ ಜಿಲ್ಲೆಯ ಹಲ್ಲೆಗೆರೆಯದು ಎಂಬುದು ಕನ್ನಡಿಗರಿಗೆ ತಿಳಿದ ವಿಷಯ. ಈ ಎಚ್ಚರಿಕೆ ಪಕ್ಷದ ಜಗಳದ ಮಾತಲ್ಲ. 2000ದಲ್ಲಿ ನಿರ್ಮೂಲವಾಯಿತೆಂದು ಸಾರಿದ ದಡಾರ 2025ರಲ್ಲಿ 2,000ಕ್ಕೂ ಹೆಚ್ಚು ಮಂದಿಗೆ ತಗುಲಿತು, ಟೆಕ್ಸಾಸ್‌ನಲ್ಲಿ ಲಸಿಕೆ ಹಾಕಿಸಿಕೊಳ್ಳದ ಇಬ್ಬರು ಮಕ್ಕಳು ಸತ್ತರು. ದಡಾರದ ಲಸಿಕೆ ಪಟ್ಟಿಯಲ್ಲಿ ಉಳಿದಿದ್ದರೂ, ಉಳಿದ ಲಸಿಕೆಗಳ ಮೇಲೆ ಬಿತ್ತಿದ ಸಂಶಯ ಅದೊಂದನ್ನು ಬಿಟ್ಟು ಹೋಗುವುದಿಲ್ಲ.

ನೀವು ಸುಮ್ಮನಿಲ್ಲ ಎಂಬುದನ್ನು ನ್ಯಾಯವಾಗಿ ಹೇಳಬೇಕು. ಡಿಸೆಂಬರಿನ ಮತದಾನ ತಪ್ಪೆಂದಿರಿ, ಜನವರಿಯ ನಿರ್ಧಾರ ಅಮೆರಿಕವನ್ನು ಇನ್ನಷ್ಟು ರೋಗಗ್ರಸ್ತವಾಗಿಸುತ್ತದೆ ಎಂದಿರಿ. ಯಕೃತ್ತು ಕೈಕೊಟ್ಟ ಹದಿನೆಂಟರ ಹುಡುಗಿಯೊಬ್ಬಳನ್ನು ಹೆಲಿಕಾಪ್ಟರಿನಲ್ಲಿ ಕಸಿಗೆ ಕಳುಹಿಸಿಕೊಟ್ಟ ದಿನವನ್ನು ನೆನೆದು, ಐವತ್ತು ಡಾಲರುಗಳ ಲಸಿಕೆ ಅದನ್ನು ತಪ್ಪಿಸಬಹುದಿತ್ತೆಂದು ಕೆನಡಿಯವರ ಎದುರಿನಲ್ಲೇ ಹೇಳಿದವರು ನೀವು. ನಿಮ್ಮ ಲೂಯಿಸಿಯಾನ ರಾಜ್ಯದ ಬ್ಯಾಟನ್ ರೂಜ್ ಸುತ್ತಮುತ್ತ ಸಾವಿರಾರು ಶಾಲಾಮಕ್ಕಳಿಗೆ ಈ ಲಸಿಕೆ ಸಿಗುವಂತೆ ಮಾಡಿದವರೂ ನೀವೇ. ನಿಮಗೆ ಸತ್ಯ ಗೊತ್ತಿಲ್ಲವೆಂದು ಯಾರೂ ಹೇಳುವಂತಿಲ್ಲ. ಹಾಗಾಗಿಯೇ ಹೇಳಿಕೆಗಳಷ್ಟೇ ಸಾಲವು ಎನ್ನುತ್ತಿದ್ದೇನೆ. ಸಮಿತಿಯ ಅಧ್ಯಕ್ಷ ಪೀಠ ನಿಮ್ಮ ಕೈಯಲ್ಲಿದೆ.

ಕಾರ್ಯದರ್ಶಿ ಕೆನಡಿ ಅವರನ್ನು ನಿಮ್ಮ ಸಮಿತಿಯ ಮುಂದೆ ಕರೆಸಿ, ಕೊಟ್ಟ ಮಾತುಗಳನ್ನು ಒಂದೊಂದಾಗಿ ಓದಿ, ಒಂದೊಂದಕ್ಕೂ ಪ್ರಮಾಣಪೂರ್ವಕ ಉತ್ತರ ಕೇಳಿ. ಅವರು ಬರಲೊಪ್ಪದಿದ್ದರೆ ಸಮನ್ಸ್ ಹೊರಡಿಸಲು ಸಮಿತಿಯ ಮತ ಕೋರಿ. ಜನವರಿ 5ರ ನಿರ್ಧಾರಕ್ಕೆ ಆಧಾರವೆನ್ನಲಾದ ದಾಖಲೆಗಳನ್ನು, ಅದನ್ನು ಪರಿಶೀಲಿಸಿದ ಸಿಡಿಸಿ ತಜ್ಞರ ಅಭಿಪ್ರಾಯಗಳಿದ್ದರೆ ಅವನ್ನು ಕೂಡ ತರಿಸಿಕೊಂಡು ಪ್ರಕಟಿಸಿ. ಮಕ್ಕಳ ಮತ್ತು ಗರ್ಭಿಣಿಯರ ಲಸಿಕಾ ವೇಳಾಪಟ್ಟಿಯನ್ನು ಸಾರ್ವಜನಿಕ ಸಭೆ, ಲಿಖಿತ ಪುರಾವೆ ಮತ್ತು ಸ್ವತಂತ್ರ ತಜ್ಞರ ಮತವಿಲ್ಲದೆ ಯಾವ ಕಾರ್ಯದರ್ಶಿಯೂ, ಯಾವ ಪಕ್ಷದವರಾದರೂ, ಬದಲಿಸಲಾಗದಂತೆ ಮಸೂದೆಯೊಂದನ್ನು ಮಂಡಿಸಿ. ಬಡ ಕುಟುಂಬಗಳ ಮಕ್ಕಳಿಗೆ ಉಚಿತ ಲಸಿಕೆ ಕೊಡುವ, 1989–91ರ ದಡಾರ ಪಿಡುಗಿನ ನಂತರ 1993ರಲ್ಲಿ ಕಾನೂನಾದ ಯೋಜನೆ ಇದೇ ಸಲಹಾ ಸಮಿತಿಯ ಮತಗಳಿಗೆ ಕಟ್ಟುಬಿದ್ದಿದೆ. ದೇಶದ ಅರ್ಧದಷ್ಟು ಮಕ್ಕಳು ಅದರ ಆಸರೆಯಲ್ಲಿದ್ದಾರೆ, ಅದಕ್ಕೂ ಅದೇ ಮಸೂದೆಯಲ್ಲಿ ರಕ್ಷಣೆ ಬೇಕು. ಈ ವಿಚಾರಣೆಗೆ ನೀವು ಯಾವ ದಿನಾಂಕ ಗೊತ್ತುಮಾಡುತ್ತೀರಿ ಎಂಬುದನ್ನು ಸಾರ್ವಜನಿಕವಾಗಿ ತಿಳಿಸಬೇಕೆಂದು ವಿನಂತಿಸುತ್ತೇನೆ.

ಗೌರವದೊಂದಿಗೆ,
ಅಮೆರಿಕದಲ್ಲಿ ನೆಲೆಸಿರುವ ಒಬ್ಬ ಕನ್ನಡತಿ