ಹಮ್ಮಿಂಗ್ ನಿಲ್ಲಿಸಲು ಅರ್ಥ್ ಪಿನ್ ಮುರಿಯಬೇಡಿ

ಮಾನ್ಯ ಸಂಪಾದಕರೆ,

ರಾಜ್ಯೋತ್ಸವ, ಶಾಲಾ ವಾರ್ಷಿಕೋತ್ಸವಗಳ ಕಾಲ ಬಂತೆಂದರೆ ನಾಡಗೀತೆಯಿಂದ ಹಿಡಿದು ಮಕ್ಕಳ ನೃತ್ಯದ ಟ್ರ್ಯಾಕ್‌ವರೆಗೆ ಎಲ್ಲವೂ ಲ್ಯಾಪ್‌ಟಾಪ್‌ನಿಂದಲೇ. ಹೆಡ್‌ಫೋನ್ ಜ್ಯಾಕ್‌ಗೆ ವೈರ್ ಚುಚ್ಚಿ ಆಂಪ್ಲಿಫೈಯರ್‌ಗೆ ಕೊಟ್ಟ ಕೂಡಲೇ ಬಾಕ್ಸ್‌ಗಳಲ್ಲಿ ‘ಗುಂಯ್’ ಎಂದು ಹಮ್ಮಿಂಗ್ ಶುರುವಾಗುತ್ತದೆ. ಆಗ ಯಾರೋ ಒಬ್ಬರು ಕಟಿಂಗ್ ಪ್ಲೇಯರ್ ತಂದು ತ್ರೀ ಪಿನ್ ಪ್ಲಗ್ಗಿನ ಮೇಲಿನ ದಪ್ಪ ಪಿನ್, ಅಂದರೆ ಅರ್ಥ್ ಪಿನ್ ಮುರಿಯುತ್ತಾರೆ. ಸದ್ದು ನಿಲ್ಲುತ್ತದೆ. ಹಾಗೆ ನಿಂತುಬಿಡುವುದೇ ತೊಂದರೆ, ಏಕೆಂದರೆ ಮುಂದಿನ ಸಲವೂ ಅದನ್ನೇ ಮಾಡುತ್ತಾರೆ. ಇನ್ನು ಕೆಲವರು ‘ಮದರ್‌ಬೋರ್ಡ್ ಹೋಗಿದೆ’ ಎಂಬ ಮಾತು ನಂಬಿ ಸಾವಿರಾರು ರೂಪಾಯಿ ಕಳೆದುಕೊಳ್ಳುತ್ತಾರೆ. ಎರಡೂ ಬೇಕಿಲ್ಲ.

ಮೊದಲು ಮಾಡಬೇಕಾದದ್ದು ಹತ್ತು ಸೆಕೆಂಡಿನ ಕೆಲಸ. ಹಾಡು ನಿಲ್ಲಿಸಿ, ಆಂಪ್ಲಿಫೈಯರ್ ಹಾಗೆಯೇ ಇರಲಿ, ಲ್ಯಾಪ್‌ಟಾಪಿನ ಚಾರ್ಜರ್ ಪಿನ್ ಕೀಳಿ. ಹಮ್ಮಿಂಗ್ ಅಷ್ಟಕ್ಕೇ ನಿಂತರೆ ಲ್ಯಾಪ್‌ಟಾಪ್ ಕೆಟ್ಟಿಲ್ಲ, ಜ್ಯಾಕ್ ಕೂಡ ಕೆಟ್ಟಿಲ್ಲ. ಅದು ಅರ್ಥ್ ಲೂಪ್. ತ್ರೀ ಪಿನ್ ಚಾರ್ಜರ್‌ಗಳಲ್ಲಿ ಸಾಮಾನ್ಯವಾಗಿ ಅರ್ಥ್ ತಂತಿ ಔಟ್‌ಪುಟ್‌ನ ನೆಗೆಟಿವ್‌ಗೆ ಸೇರಿರುತ್ತದೆ. ಅಲ್ಲಿಂದ ಲ್ಯಾಪ್‌ಟಾಪಿನ ಬಾಡಿ, ಹೆಡ್‌ಫೋನ್ ಜ್ಯಾಕಿನ ಗ್ರೌಂಡ್, ಆಡಿಯೊ ವೈರಿನ ಹೊರ ಜಾಲರಿ, ಆಂಪ್ಲಿಫೈಯರಿನ ಚಾಸಿ (ಲೋಹದ ಪೆಟ್ಟಿಗೆ), ಕೊನೆಗೆ ಅದರ ಪ್ಲಗ್ಗಿನ ಅರ್ಥ್ ಪಿನ್. ಹೀಗೆ ಒಂದು ಸುತ್ತು ಪೂರ್ತಿಯಾಗುತ್ತದೆ. ವೇದಿಕೆಯ ಎಡಕ್ಕೊಂದು ಸಾಕೆಟ್, ಬಲಕ್ಕೊಂದು ಸಾಕೆಟ್ ಬಳಸಿದ್ದರೆ ಎರಡರ ಅರ್ಥ್ ನಡುವೆ ಅಷ್ಟಿಷ್ಟು ವೋಲ್ಟೇಜ್ ವ್ಯತ್ಯಾಸ ಇದ್ದೇ ಇರುತ್ತದೆ. ಆ ವ್ಯತ್ಯಾಸದ ಕರೆಂಟು ಆಡಿಯೊ ವೈರಿನ ಜಾಲರಿಯಲ್ಲೇ ಹರಿಯುತ್ತದೆ. ಜ್ಯಾಕಿನಿಂದ ಬರುವ ಹಾಡಿನ ಸಿಗ್ನಲ್ ಹೆಚ್ಚೆಂದರೆ 1 ವೋಲ್ಟ್ ಆಸುಪಾಸು. ಅದರೊಳಗೆ 10 ಮಿಲಿವೋಲ್ಟ್ ಸೇರಿಕೊಂಡರೂ ಸಭಾಂಗಣದ ಕೊನೆಯ ಬೆಂಚಿಗೆ 50 ಹರ್ಟ್ಸ್‌ನ ಗುಂಯ್ ಕೇಳುತ್ತದೆ. ಮೌಸ್ ಅಲ್ಲಾಡಿಸಿದಾಗ, ಫೈಲ್ ತೆರೆದಾಗ ‘ಚಿರ್ರ್’ ಎನ್ನುವುದೂ ಹೆಚ್ಚಾಗಿ ಇದೇ ದಾರಿಯಲ್ಲಿ ಬರುತ್ತದೆ.

ಈ ಸುತ್ತನ್ನು ಅರ್ಥ್ ಪಿನ್ ಮುರಿದೂ ಕಡಿಯಬಹುದು, ನಿಜ. ಆದರೆ ಹಳೆಯ ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರಿನಲ್ಲಿ ಇನ್ಸುಲೇಷನ್ ಸೋತು ಚಾಸಿಗೆ 230 ವೋಲ್ಟ್ ಬಂತೆನ್ನಿ. ಅರ್ಥ್ ಇದ್ದಿದ್ದರೆ ಫ್ಯೂಸ್ ಹೋಗುತ್ತಿತ್ತು ಅಥವಾ ಎಂಸಿಬಿ ಸ್ವಿಚ್ ತಾನೇ ಬೀಳುತ್ತಿತ್ತು. ಅರ್ಥ್ ಇಲ್ಲದಿದ್ದರೆ ಆ ಕರೆಂಟು ಕೂದಲೆಳೆಯಷ್ಟು ತೆಳ್ಳಗಿನ ಆಡಿಯೊ ಜಾಲರಿಯ ಮೂಲಕ ಲ್ಯಾಪ್‌ಟಾಪಿಗೆ ನುಗ್ಗುತ್ತದೆ. ಜಾಲರಿ ಸುಟ್ಟ ಮೇಲೆ ಉಳಿಯುವುದು ಮೈಕ್ ಹಿಡಿದವರ ಕೈ. ಶಾಮಿಯಾನದ ಕೆಳಗೆ ನೆಲ ಒದ್ದೆಯಾಗಿದ್ದರೆ ಹೇಳುವುದೇ ಬೇಡ.

ಖರ್ಚಿಲ್ಲದ ಉಪಾಯವೆಂದರೆ ಲ್ಯಾಪ್‌ಟಾಪ್, ಆಡಿಯೊ ಮಿಕ್ಸರ್, ಆಂಪ್ಲಿಫೈಯರ್ ಮೂರನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕುವುದು. ಅರ್ಧಕ್ಕರ್ಧ ಸಲ ಇಷ್ಟಕ್ಕೇ ಸದ್ದು ಅಡಗುತ್ತದೆ. ಎರಡು ಗಂಟೆಯ ಕಾರ್ಯಕ್ರಮವಾದರೆ ಬ್ಯಾಟರಿ ಪೂರ್ತಿ ತುಂಬಿಸಿಕೊಂಡು ಬಂದು ಚಾರ್ಜರ್ ಇಲ್ಲದೆಯೇ ಓಡಿಸಿ. ಅದೂ ಆಗದಿದ್ದರೆ ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಪುಟ್ಟ ಡಬ್ಬಿ ಸಿಗುತ್ತದೆ. ಒಳಗಿರುವುದು ಎರಡು ಪುಟಾಣಿ ಟ್ರಾನ್ಸ್‌ಫಾರ್ಮರ್‌ಗಳು, ಎಡ ಚಾನೆಲ್‌ಗೊಂದು, ಬಲಕ್ಕೊಂದು. ಸಿಗ್ನಲ್ ಕಾಂತಕ್ಷೇತ್ರದ ಮೂಲಕ ದಾಟುತ್ತದೆ, ಗ್ರೌಂಡ್ ತಂತಿಯ ಸಂಪರ್ಕ ಮಾತ್ರ ಕಡಿದಿರುತ್ತದೆ. ತೀರಾ ಅಗ್ಗದ್ದಾದರೆ ತಮಟೆ, ಡೋಲಿನ ತಳದ ಸದ್ದು ಸೊರಗುತ್ತದೆ. ಇದನ್ನು ಆಂಪ್ಲಿಫೈಯರಿಗೆ ಹೋಗುವ ವೈರಿನಲ್ಲಿ ಮಾತ್ರ ಬಳಸಬೇಕು, ಹೆಡ್‌ಫೋನಿಗೆ ಇದು ಹೊಂದುವುದಿಲ್ಲ. ಯುಎಸ್‌ಬಿ ಸೌಂಡ್ ಕಾರ್ಡ್ ಕೊಂಡರೆ ಹಮ್ಮಿಂಗ್ ಹೋಗುತ್ತದೆ ಎಂದು ಅಂಗಡಿಯವರು ಹೇಳುವುದುಂಟು. ಲ್ಯಾಪ್‌ಟಾಪಿನ ಮದರ್‌ಬೋರ್ಡಿನೊಳಗೆ ಹುಟ್ಟುವ ಸದ್ದಿಗೆ ಅದು ಒಳ್ಳೆಯ ಮದ್ದು. ಆದರೆ ಸಾಮಾನ್ಯ ಕಾರ್ಡುಗಳಲ್ಲಿ ಯುಎಸ್‌ಬಿಯ ಗ್ರೌಂಡ್ ಹಾಗೆಯೇ ಮುಂದುವರಿಯುವುದರಿಂದ ಅರ್ಥ್ ಲೂಪ್ ಎಲ್ಲೂ ಹೋಗುವುದಿಲ್ಲ. ತನ್ನದೇ ಬ್ಯಾಟರಿಯಲ್ಲಿ ನಡೆಯುವ ಬ್ಲೂಟೂತ್ ರಿಸೀವರ್ ಲೂಪನ್ನು ಕಡಿಯುತ್ತದೆ. ಹಾಡಿಗೆ ಅಡ್ಡಿಯಿಲ್ಲ, ವಿಡಿಯೊ ತೋರಿಸುವಾಗ ಮಾತ್ರ ತುಟಿಗೂ ಮಾತಿಗೂ ತಾಳೆಯಾಗದಿರಬಹುದು.

ವೈರಿನ ವಿಷಯದಲ್ಲೂ ಎಡವಟ್ಟು ಹೆಚ್ಚು. ಆಂಪ್ಲಿಫೈಯರಿನ ಮೈಕ್ ಇನ್‌ಪುಟ್ ಕೆಲವೇ ಮಿಲಿವೋಲ್ಟಿಗೆಂದು ಮಾಡಿದ್ದು. ಲ್ಯಾಪ್‌ಟಾಪನ್ನು ಅಲ್ಲಿಗೆ ಕೊಟ್ಟರೆ ಹಾಡು ಒಡೆಯುತ್ತದೆ, ಗುಂಯ್ ಹಿಗ್ಗುತ್ತದೆ. ಆಕ್ಸ್ ಅಥವಾ ಲೈನ್ ಇನ್‌ಪುಟ್ಟಿಗೇ ಕೊಡಿ. ಲ್ಯಾಪ್‌ಟಾಪಿನ ವಾಲ್ಯೂಮ್ 80ರಿಂದ 90ರಲ್ಲಿಟ್ಟು ಆಂಪ್ಲಿಫೈಯರಿನ ನಾಬ್ ತಗ್ಗಿಸಿ. ಬಹಳಷ್ಟು ಜನ ಇದನ್ನು ತಿರುಗುಮುರುಗು ಮಾಡುತ್ತಾರೆ. ಮಿಕ್ಸರಿನ ಎಕ್ಸ್‌ಎಲ್‌ಆರ್ ತೂತಿಗೆ (ಮೂರು ಪಿನ್ನಿನ ದುಂಡು ಮೈಕ್ ತೂತು) ಸ್ಟೀರಿಯೊ ವೈರ್ ನೇರ ಜೋಡಿಸಿದರೆ ಅದು ಎಡ-ಬಲ ಚಾನೆಲ್‌ಗಳನ್ನು ಒಂದರಿಂದೊಂದು ಕಳೆದುಬಿಡುತ್ತದೆ. ಎರಡರಲ್ಲೂ ಸಮವಾಗಿರುವ ಗಾಯಕರ ದನಿ ಮಾಯವಾಗಿ ಬರೀ ವಾದ್ಯ ದೂರದಲ್ಲೆಲ್ಲೋ ಕೇಳುತ್ತದೆ. ಮೋನೊ, ಅಂದರೆ ಎರಡೂ ಸೇರಿದ ಒಂದೇ ಚಾನೆಲ್ ಬೇಕಿದ್ದರೆ ಎಡ, ಬಲ ತಂತಿಗಳಿಗೆ ತಲಾ ಒಂದು 1 ಕಿಲೋ ಓಮ್ ರೆಸಿಸ್ಟರ್ ಹಾಕಿ ಸೇರಿಸಬೇಕು, ಬರಿದೇ ತಿರುಚಿ ಕಟ್ಟಬಾರದು.

ದನಿ ಮಾಯವಾಗುವ ಇದೇ ಆಟ ಹೆಡ್‌ಫೋನಿನಲ್ಲೂ ಕಾಣುತ್ತದೆ. ಅಲ್ಲಿ ಕಾರಣ ಬೇರೆ: ಪಿನ್ ಪೂರ್ತಿ ಒಳಗೆ ಕೂತಿಲ್ಲ, ಗ್ರೌಂಡ್ ತಾಗುತ್ತಿಲ್ಲ. ಟಾರ್ಚ್ ಬಿಟ್ಟು ಜ್ಯಾಕಿನ ಒಳಗೆ ನೋಡಿದರೆ ತಳದಲ್ಲಿ ಜೇಬಿನ ನೂಲು, ಬ್ಯಾಗಿನ ಧೂಳು ಒತ್ತಿ ಒತ್ತಿ ಬಿಲ್ಲೆಯಂತೆ ಕೂತಿರುತ್ತದೆ. ಯಂತ್ರ ಆಫ್ ಮಾಡಿ, ಮರದ ಹಲ್ಲುಕಡ್ಡಿಯಲ್ಲಿ ಮೆಲ್ಲಗೆ ಎಬ್ಬಿಸಿ ತೆಗೆಯಿರಿ. ಸೂಜಿ, ಪಿನ್ನು ಹಾಕಿದರೆ ಒಳಗಿನ ಸ್ಪ್ರಿಂಗ್ ಪಟ್ಟಿ ಬಾಗುತ್ತದೆ. ಕರಾವಳಿ, ಮಲೆನಾಡಿನ ತೇವಕ್ಕೆ ಪಟ್ಟಿಗಳು ಕಪ್ಪಿಟ್ಟು ಪಿನ್ ತಿರುಗಿಸಿದಾಗ ಕರಕರ ಎನ್ನುವುದುಂಟು. ಹೆಡ್‌ಫೋನ್ ಪಿನ್ನಿಗೇ ಐಸೊಪ್ರೊಪೈಲ್ ಆಲ್ಕೊಹಾಲ್ ಒಂದೆರಡು ಹನಿ ಸವರಿ ಹತ್ತು ಸಲ ಒಳಗೆ-ಹೊರಗೆ ಮಾಡಿ, ಕಾಲು ಗಂಟೆ ಒಣಗಲು ಬಿಡಿ.

ಬ್ಯಾಟರಿಯಲ್ಲಿದ್ದಾಗಲೂ ‘ಸ್ಸ್’ ಎಂಬ ಸದ್ದು ಹೆಡ್‌ಫೋನಿನಲ್ಲಿ ಬರುತ್ತಿದ್ದರೆ ಸೆಟ್ಟಿಂಗ್ ನೋಡಬೇಕು. ವಿಂಡೋಸ್‌ನ ಹಳೆಯ ಸೌಂಡ್ ಪ್ಯಾನೆಲ್ಲಿನಲ್ಲಿ ರೆಕಾರ್ಡಿಂಗ್ ವಿಭಾಗಕ್ಕೆ ಹೋಗಿ ಮೈಕಿನ ಪ್ರಾಪರ್ಟೀಸ್ ತೆರೆಯಿರಿ. ‘ಲಿಸನ್ ಟು ದಿಸ್ ಡಿವೈಸ್’ಗೆ ಟಿಕ್ ಇದ್ದರೆ ತೆಗೆಯಿರಿ, ಮೈಕ್ ಬೂಸ್ಟ್ 20, 30 ಡೆಸಿಬೆಲ್ ಇದ್ದರೆ 0ಗೆ ಇಳಿಸಿ. ಹಾಡು ಶುರುವಾಗುವಾಗ, ಮುಗಿದು ಕೆಲ ಸೆಕೆಂಡಾದ ಮೇಲೆ ‘ಟಪ್’ ಎಂದರೆ ವಿದ್ಯುತ್ ಉಳಿಸಲು ಸೌಂಡ್ ಚಿಪ್ ನಿದ್ದೆಗೆ ಹೋಗಿ ಏಳುತ್ತಿದೆ ಎಂದರ್ಥ. ಲಿನಕ್ಸ್‌ನಲ್ಲಿ ಸೌಂಡ್ ಚಿಪ್ ನಡೆಸುವ ಎಚ್‌ಡಿಎ ಇಂಟೆಲ್ ಮಾಡ್ಯೂಲಿನ ಪವರ್ ಸೇವ್ ಮೌಲ್ಯವನ್ನು 0 ಮಾಡಿದರೆ ಸಾಕು. ಪಕ್ಕದಲ್ಲಿ ಕೀಪ್ಯಾಡ್ ಫೋನ್ ಇಟ್ಟಾಗ ಬರುವ ‘ಟಟ್ಟರ ಟಟ್ಟರ’ 2ಜಿ ರೇಡಿಯೊದ್ದು, ಸೆಕೆಂಡಿಗೆ 217 ಬಡಿತ. ಫೋನನ್ನು ಮೂರಡಿ ದೂರ ಇಟ್ಟರೆ ಮುಗಿಯಿತು.

ಇನ್ನೊಂದು ಮಾತು ಅರ್ಥಿಂಗ್ ಬಗ್ಗೆಯೇ. ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದರೆ ಜುಮ್ ಎನ್ನುತ್ತದೆ, ಮುಟ್ಟಿದಾಗ ಸದ್ದೂ ಬದಲಾಗುತ್ತದೆ, ಚಾರ್ಜರ್ ಮಾತ್ರ ತ್ರೀ ಪಿನ್ ಎಂದಾದರೆ ಸಾಕೆಟ್ಟಿನಲ್ಲಿ ಅರ್ಥ್ ಇಲ್ಲದಿರುವ ಸಾಧ್ಯತೆಯೇ ಹೆಚ್ಚು. ಮಲ್ಟಿಮೀಟರನ್ನು ಎಸಿ 750 ವೋಲ್ಟಿಗೆ ಇಟ್ಟು ಅಳೆಯಿರಿ, ಗೊತ್ತಿಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕೈಲಿ ಅಳೆಸಿ. ಫೇಸ್-ನ್ಯೂಟ್ರಲ್ 230ರ ಸುತ್ತ ಇದ್ದರೆ ಫೇಸ್-ಅರ್ಥ್ ಕೂಡ ಅಷ್ಟೇ ಇರಬೇಕು. ನ್ಯೂಟ್ರಲ್-ಅರ್ಥ್ ಎರಡು ಮೂರು ವೋಲ್ಟ್ ದಾಟಬಾರದು. ಫೇಸ್-ಅರ್ಥ್ 80, 120 ಎಂದು ತೋರಿಸಿದರೆ ಅರ್ಥ್ ತೂತಿಗೆ ತಂತಿಯೇ ಸೇರಿಲ್ಲ. ನ್ಯೂಟ್ರಲ್-ಅರ್ಥ್ ಲೋಡ್ ಹಾಕಿದಾಗಲೂ ಖಚಿತ 0 ಬಂದರೆ ಸಾಕೆಟ್ ಬಿಚ್ಚಿಸಿ ನೋಡಿ. ಎರಡನ್ನೂ ಒಳಗೇ ತುಂಡು ತಂತಿಯಲ್ಲಿ ಸೇರಿಸಿ ಕೈತೊಳೆದುಕೊಂಡಿರುವುದೂ ಉಂಟು. ಆ ನ್ಯೂಟ್ರಲ್ ಎಲ್ಲಾದರೂ ಕಡಿದರೆ ಲ್ಯಾಪ್‌ಟಾಪಿನ ಮೈಗೇ 230 ವೋಲ್ಟ್ ಬರುತ್ತದೆ.

ಸಮುದಾಯ ಭವನ, ಶಾಲಾ ರಂಗಮಂದಿರ ನೋಡಿಕೊಳ್ಳುವವರು ವೇದಿಕೆಯ ಒಂದೇ ಬದಿಯಲ್ಲಿ, ಒಂದೇ ಅರ್ಥ್ ತಂತಿಯಿಂದ ನಾಲ್ಕೈದು ಸಾಕೆಟ್ ಹಾಕಿಸಿ, ಕರೆಂಟು ಸೋರಿದ ಕೂಡಲೇ ಸಂಪರ್ಕ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಕೂಡಿಸಬೇಕೆಂದು ಕೋರುತ್ತೇವೆ. ಪಿನ್ ಮುರಿದ ಪ್ಲಗ್ಗುಗಳು ಭವನದ ಎಕ್ಸ್‌ಟೆನ್ಷನ್ ಪೆಟ್ಟಿಗೆಯಲ್ಲಿ ಈಗಲೂ ಇದ್ದರೆ ಈ ನವೆಂಬರಿಗೆ ಮೊದಲೇ ಬದಲಾಯಿಸಿ.

— ಮೈಕ್‌ಸೆಟ್ ಮತ್ತು ಲ್ಯಾಪ್‌ಟಾಪ್ ದುರಸ್ತಿ ಕೆಲಸಗಾರರು, ಹಾಸನ