ಅಚ್ಚಪ್ಪ, ಅನ್ನಪೂರ್ಣ ಮತ್ತು ನಮ್ಮ ಪಾಸ್‌ಪೋರ್ಟು

ಬ್ರಿಟನ್ನಿನ ನಮ್ಮ ಕನ್ನಡ ಸಂಘದ ಸುದ್ದಿಪತ್ರದ ಈ ಸಂಚಿಕೆ ಇಂದು ರಾತ್ರಿಯೇ ಮುದ್ರಣಕ್ಕೆ ಹೋಗಬೇಕು. ‘ಸ್ವಾತಂತ್ರ್ಯ ದಿನದ ಸಿನಿಮಾ ಚೆನ್ನಾಗಿ ನಡೆಯಿತು ಎಂದು ನಾಲ್ಕು ಸಾಲು ಬರೆದುಬಿಡಿ’ ಎಂದು ಸಂಘದ ಅಧ್ಯಕ್ಷರು ಹೇಳಿದ್ದಾರೆ. ನಡೆಯಿತು. ಸಭಾಂಗಣ ತುಂಬಿತ್ತು, ಪ್ರೊಜೆಕ್ಟರ್ ಒಮ್ಮೆ ಮಾತ್ರ ಕೈಕೊಟ್ಟಿತು, ಚಿತ್ರಾನ್ನ ಸಾಲಲಿಲ್ಲ. ಇಷ್ಟಕ್ಕೇ ನಿಲ್ಲಿಸಬಹುದಿತ್ತು, ಒಂದು ಹುಡುಗಿ ಬಿಡಲಿಲ್ಲ.

ಹಾಕಿದ್ದು ‘ಮುತ್ತಿನ ಹಾರ’. ರಾಜೇಂದ್ರಸಿಂಗ್ ಬಾಬು ಅವರ 1990ರ ಚಿತ್ರ, ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದದ್ದು. ಕೊಡಗಿನ ಸಿಪಾಯಿ ಅಚ್ಚಪ್ಪನಾಗಿ ವಿಷ್ಣುವರ್ಧನ್, ದಾದಿ ಅನ್ನಪೂರ್ಣೆಯಾಗಿ ಸುಹಾಸಿನಿ. ಬಾಲಮುರಳಿಕೃಷ್ಣ ಅವರ ಕಂಠದಲ್ಲಿ ‘ದೇವರು ಹೊಸೆದ ಪ್ರೇಮದ ದಾರ’ ಶುರುವಾಗುತ್ತಿದ್ದಂತೆ ಕತ್ತಲಲ್ಲಿ ಮೂಗು ಸೀಟುವ ಸದ್ದು ಎಲ್ಲ ಸಾಲುಗಳಿಂದಲೂ ಬಂತು. ಆಗ ಆ ಹುಡುಗಿ ಕೇಳಿದಳು: ‘ಅಪ್ಪಾ, ನಿನ್ನ ಪಾಸ್‌ಪೋರ್ಟು ಈಗ ಈ ದೇಶದ್ದಲ್ಲವೇ? ಮತ್ತೆ ಏಕೆ ಅಳುತ್ತೀಯ?’ ಸಭಾಂಗಣವೆಲ್ಲ ನಕ್ಕಿತು. ಅಪ್ಪ ಕನ್ನಡಕ ಒರೆಸಿಕೊಂಡು ಮಗಳ ಕೈಗೆ ಚಕ್ಕುಲಿಯ ಪೊಟ್ಟಣ ಕೊಟ್ಟರು.

ಚಕ್ಕುಲಿ ಉತ್ತರವಲ್ಲ. ನಮ್ಮಲ್ಲಿ ಅನೇಕರು ಇಲ್ಲಿನ ಪುರಭವನದಲ್ಲಿ ನಿಂತು ಬ್ರಿಟನ್ನಿನ ದೊರೆಗೆ ನಿಷ್ಠೆಯ ಪ್ರಮಾಣ ಮಾಡಿದವರು. ಭಾರತದ ಕಾನೂನು ಎರಡು ಪೌರತ್ವ ಒಪ್ಪುವುದಿಲ್ಲ. ಹಳೆಯ ಪಾಸ್‌ಪೋರ್ಟು ಒಪ್ಪಿಸಿ, ವಿದೇಶಿ ಪೌರರಾದ ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡು ಪಡೆದು ಬಂದಿದ್ದೇವೆ. ಆದರೆ ಮಗುವೇ, ಅಚ್ಚಪ್ಪ ಮೊದಲು ಹೊತ್ತದ್ದೂ ಇದೇ ಬ್ರಿಟಿಷರ ಬಂದೂಕನ್ನು. ಮುಂದೆ ಭಾರತದ ಸೇನಾ ಮುಖ್ಯಸ್ಥರಾದ ಮಡಿಕೇರಿಯ ತಿಮ್ಮಯ್ಯನವರು ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ಅರಾಕಾನಿನಲ್ಲಿ ಬ್ರಿಟಿಷರ ಪರವಾಗಿ ಕಾದಿದರು. ಅವರ ಅಣ್ಣ ಪೊನ್ನಪ್ಪ ಬ್ರಿಟಿಷರ ವಿರುದ್ಧ ಹೋರಾಡಿದ ಸುಭಾಷರ ಆಜಾದ್ ಹಿಂದ್ ಫೌಜು ಸೇರಿದರು. ಒಂದೇ ತಾಯಿಯ ಮಕ್ಕಳು. ಆ ತಾಯಿಯ ಅಳು ಯಾವ ಬಾವುಟದ್ದು ಎಂದು ಯಾರನ್ನು ಕೇಳೋಣ? 1965ರ ಯುದ್ಧದಲ್ಲಿ, ಭಾರತದ ಸೇನೆಯ ಮೊದಲ ಭಾರತೀಯ ದಂಡನಾಯಕ ಕಾರ್ಯಪ್ಪನವರ ಮಗ, ವಾಯುಪಡೆಯ ಪೈಲಟ್, ಪಾಕಿಸ್ತಾನದಲ್ಲಿ ಸೆರೆಯಾದಾಗ ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ಬಿಟ್ಟುಬಿಡಲು ಸಿದ್ಧರಿದ್ದರು. ಹಿಂದೆ ಕಾರ್ಯಪ್ಪನವರ ಕೈಕೆಳಗೆ ದುಡಿದವರು. ಸೆರೆಯಲ್ಲಿರುವ ಎಲ್ಲರೂ ತನ್ನ ಮಕ್ಕಳೇ, ಇವನೊಬ್ಬನಿಗೆ ವಿಶೇಷ ಬೇಡ ಎಂದು ತಂದೆ ಹೇಳಿಕಳುಹಿಸಿದರು. ಇಂಥ ದೃಶ್ಯವನ್ನು ಚಿತ್ರಕಥೆಯಲ್ಲಿ ಬರೆದಿದ್ದರೆ ಅತಿಯಾಯಿತು ಎಂದು ನಾವೇ ಹೊಡೆದುಹಾಕುತ್ತಿದ್ದೆವು.

ಆ ಕಾರ್ಯಪ್ಪನವರು ಹುಟ್ಟಿದ ಶನಿವಾರಸಂತೆಯ ಹತ್ತಿರವೇ ನಮ್ಮಜ್ಜಿಯ ಮನೆ. ‘ಮುತ್ತಿನ ಹಾರ’ ಅಲ್ಲಿಗೆ ಬಂದದ್ದು ತಡವಾಗಿ, ಟೆಂಟಿಗೆ. ಪಕ್ಕದ ಮನೆಯ ಸುಬೇದಾರ್ ಅಜ್ಜ ಹೆಂಡತಿಯನ್ನೂ ನಮ್ಮನ್ನೂ ಕರೆದುಕೊಂಡು ಹೊರಟರು. ಮಗ ಶ್ರೀಲಂಕಾಕ್ಕೆ ಹೋಗಿದ್ದ ಭಾರತದ ಶಾಂತಿಪಡೆಯಿಂದ ಅದೇ ವರ್ಷ ಜೀವಂತ ಮರಳಿದ್ದ, ಅಜ್ಜ ಖುಷಿಯಲ್ಲಿದ್ದರು. ಇಸ್ತ್ರಿ ಮಾಡಿದ ಕೋಟು, ಎದೆಯ ಮೇಲೆ ಪದಕಗಳು. ಹೊರಟದ್ದು ನೆಲಕ್ಕೆ ಕೂರುವ ಟಿಕೆಟ್ಟಿಗೆ. ಚಿತ್ರ ಶುರುವಾದದ್ದೇ ತಡ, ಅಜ್ಜ ತಪ್ಪು ಹುಡುಕತೊಡಗಿದರು. ಟೋಪಿ ಓರೆಯಾಗಿದೆ, ಸೆಲ್ಯೂಟಿನಲ್ಲಿ ಮೊಣಕೈ ಸರಿಯಿಲ್ಲ, ಗುಂಡು ಹಾರುವಾಗ ಹಾಗೆ ಯಾರಾದರೂ ಎದ್ದು ನಿಲ್ಲುತ್ತಾರೆಯೇ, ದಡ್ಡ. ಮುಂದೆ ಕುಳಿತವರು ತಿರುಗಿ ತಿರುಗಿ ನೋಡಿ, ಪದಕ ಕಂಡು ಸುಮ್ಮನಾದರು. ಯುದ್ಧ ಅಚ್ಚಪ್ಪನ ಮಗುವನ್ನೇ ಕಸಿದುಕೊಂಡಾಗ ಅಜ್ಜನ ಬಾಯಿ ಕಟ್ಟಿತು. ಬೀಡಿ ಸೇದುವ ನೆಪದಲ್ಲಿ ಎದ್ದು ಹೋದವರು ಬಹಳ ಹೊತ್ತು ಬರಲಿಲ್ಲ.

ಅಜ್ಜನ ಹೆಂಡತಿ ಮಾತ್ರ ಕೂತಲ್ಲಿಂದ ಅಲುಗಲಿಲ್ಲ. ಗಂಡ ನಾಗಾ ಗುಡ್ಡದಲ್ಲೋ ಲಡಾಖಿನಲ್ಲೋ ಇದ್ದ ಕಾಲದಲ್ಲಿ ಗದ್ದೆ ನಾಟಿ ಮಾಡಿಸಿದವರು ಅವರು, ಮನಿಯಾರ್ಡರಿಗೆ ಹೆಬ್ಬೆಟ್ಟು ಒತ್ತಿದವರು ಅವರು, ಹಿರಿಮಗಳ ಮದುವೆಗೆ ರಜೆ ಮಂಜೂರಾಗದಿದ್ದಾಗ ಭಾವಮೈದುನನಿಂದ ಧಾರೆ ಎರೆಸಿದವರೂ ಅವರೇ. ದಾರಿಯಲ್ಲಿ ಬ್ಯಾಟರಿಯ ಬೆಳಕಿನಲ್ಲಿ ನಡೆದು ಬರುವಾಗ ನಮ್ಮಜ್ಜಿ ‘ಪಾಪ, ಆ ಹೆಣ್ಣಿಗೆ ಎಷ್ಟು ಕಷ್ಟ’ ಎಂದರು. ಸುಬೇದಾರರ ಹೆಂಡತಿ ‘ಏನು ಪಾಪ? ಅವಳಾದರೂ ಜೊತೆಗೆ ಹೋದಳು’ ಎಂದರು. ಅಜ್ಜ ಕೆಮ್ಮಿದರು.

ಆ ಮಾತು ನನಗೆ ಅರ್ಥವಾಗಲು ವಿಮಾನ ಹತ್ತಬೇಕಾಯಿತು. ದೇಶಭಕ್ತಿಯ ಚಿತ್ರಗಳಲ್ಲಿ ಬಾವುಟ ಏರಿಸಿ ಚಪ್ಪಾಳೆ ಗಿಟ್ಟಿಸುವುದು ಸುಲಭ. ‘ಮುತ್ತಿನ ಹಾರ’ದಲ್ಲಿ ದೇಶದ ಲೆಕ್ಕವನ್ನು ಒಂದು ಸಂಸಾರ ತೀರಿಸುತ್ತಾ ಹೋಗುತ್ತದೆ, ಅದೂ ಒಂದೇ ಕಂತಿನಲ್ಲಲ್ಲ. ಹಾಗೆಂದು ನಮ್ಮನ್ನು ಅಚ್ಚಪ್ಪನ ಸಾಲಿಗೆ ಸೇರಿಸಿಕೊಳ್ಳುವ ಧೈರ್ಯ ಯಾರಿಗೂ ಬೇಡ. ಅವನು ಹೋದದ್ದು ಕರೆ ಬಂದು. ನಾವು ಬಂದದ್ದು ಸಂಬಳಕ್ಕೆ. ಅಂದು ಮೂಗು ಸೀಟಿದವರಲ್ಲಿ ಎಷ್ಟು ಜನ ಗಡಿಯನ್ನು ನೆನೆದರು, ಎಷ್ಟು ಜನ ಊರಿನಲ್ಲಿ ಫೋನಿಗೆ ಕಾಯುವ ಅಪ್ಪ ಅಮ್ಮನನ್ನು ನೆನೆದರು ಎಂದು ಕೇಳಿದರೆ, ಎರಡನೆಯ ಗುಂಪಿನಲ್ಲಿ ನನ್ನ ಕೈ ಮೊದಲು ಏಳುತ್ತದೆ. ಆ ಹುಡುಗಿಯ ಅಪ್ಪನದೂ, ಬಹುಶಃ.

ಜಾಗ ಮುಗಿಯುತ್ತಿದೆ, ಸೂಚನೆಗಳು ಉಳಿದಿವೆ. ಗಣೇಶ ಹಬ್ಬ ಮಾಮೂಲಿನಂತೆ ಹಬ್ಬದ ನಂತರದ ಶನಿವಾರ. ಕೋಸಂಬರಿ ಮತ್ತು ಪಾಯಸದ ಹೊಣೆ ಇನ್ನೂ ಯಾರೂ ಹೊತ್ತಿಲ್ಲ. ದಸರಾ ಗೊಂಬೆ ಇಡುವವರು ಹೆಸರು ಕೊಡಿ. ರಾಜ್ಯೋತ್ಸವದ ಮಕ್ಕಳ ನಾಟಕದ ತಾಲೀಮು ಭಾನುವಾರ ಬೆಳಿಗ್ಗೆ, ತಡವಾಗಿ ಬಂದ ಮಕ್ಕಳಿಗೆ ಮರದ ಪಾತ್ರವೇ ಗತಿ. ಕನ್ನಡ ತರಗತಿಗೆ ಇಬ್ಬರು ಶಿಕ್ಷಕರು ಬೇಕು. ಸುದ್ದಿಪತ್ರಕ್ಕೆ ಸಂಪಾದಕರೂ ಬೇಕು, ನಿಜವಾಗಿ ಬೇಕು. ಕಚೇರಿ ಮುಗಿಸಿ ಬಂದು ಮಧ್ಯರಾತ್ರಿಯವರೆಗೆ ಅಕ್ಷರ ತಿದ್ದುವುದು ನನ್ನಿಂದ ಇನ್ನು ಹೆಚ್ಚು ಕಾಲ ಆಗದು. ಸಿನಿಮಾ ಮುಗಿದ ಮೇಲೆ ದೊಡ್ಡ ಕುಕ್ಕರಿನ ಮುಚ್ಚಳ ಯಾರದೋ ಕಾರಿನಲ್ಲಿ ಹೋಗಿದೆ. ಗಣೇಶನಿಗೆ ಮುಂಚೆ ದಯವಿಟ್ಟು ತಲುಪಿಸಿ, ಯಾರೂ ಏನೂ ಕೇಳುವುದಿಲ್ಲ.