ಕೇಬಲ್ ಕಿತ್ತು ಕಲಿಸಿ

ಸಂಪಾದಕರೆ,

ಡಿಗ್ರಿ ರಿಸಲ್ಟ್ ಬರೋ ಹೊತ್ತಿಗೆ ಶಿರಸಿಯಲ್ಲಿ ಎಲ್ಲಿ ನೋಡಿದ್ರೂ ‘ಮೂರು ತಿಂಗಳಲ್ಲಿ ಫುಲ್ ಸ್ಟ್ಯಾಕ್ ಜಾವಾ’ ಪೋಸ್ಟರೇ, ಅಂದ್ರೆ ಸ್ಕ್ರೀನಿಂದ ಡೇಟಾಬೇಸಿನವರೆಗೆ ಪೂರಾ ವೆಬ್ ಪ್ರೋಗ್ರಾಮಿಂಗ್ ಕಲಿಸ್ತೇವೆ ಅಂತ. ನಾನೂ ಹತ್ತು ವರ್ಷದ ಹಿಂದೆ ಇಂಥದ್ದೇ ಒಂದು ಕ್ಲಾಸಿಗೆ ಅಪ್ಪನ ಹತ್ರ ದುಡ್ಡು ಇಸ್ಕೊಂಡು ಸೇರಿದವ, ಈಗ ಊರಲ್ಲೇ ಕೂತು ಒಂದು ಸಣ್ಣ ಸೊಸೈಟಿಯ ಅಡಿಕೆ ಲೆಕ್ಕದ ಸಾಫ್ಟ್‌ವೇರ್ ನೋಡ್ಕೊಳ್ತೇನೆ. ಹಾಗಾಗಿ ಎರಡು ಮಾತು ಬರೀಬೇಕು ಅನ್ನಿಸ್ತು.

ಕ್ಲಾಸಲ್ಲಿ ಬ್ರೌಸರು, ಸರ್ವರು, ಡೇಟಾಬೇಸು ಮೂರೂ ಒಂದೇ ಲ್ಯಾಪ್‌ಟಾಪಲ್ಲಿ ಇರ್ತವೆ. ಲೋಕಲ್‌ಹೋಸ್ಟ್ 8080 (ಅದೇ ಲ್ಯಾಪ್‌ಟಾಪಿನ ವಿಳಾಸ) ಹೊಡೆದ್ರೆ ಪೇಜ್ ಬಂತು, ಸಬ್ಮಿಟ್ ಒತ್ತಿದ್ರೆ ಸೇವ್ ಆಯ್ತು, ಸರ್ಟಿಫಿಕೇಟೂ ಸಿಕ್ತು. ನಡುವೆ ಒಂದು ಲೈನ್ ಇರ್ತದೆ, ಅದು ಕಡೀತದೆ ಅನ್ನೋದನ್ನ ಮಾತ್ರ ಯಾರೂ ಹೇಳೂದಿಲ್ಲ. ಜೂನ್ ಜುಲೈನಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗೋ ನಮ್ಮೂರಲ್ಲೇ ಹೇಳ್ಲಿಲ್ಲ ಅಂದ್ರೆ ಇನ್ನೆಲ್ಲಿ ಹೇಳೋದು ಮಾರಾಯ್ರೆ!

ನನಗೆ ಪಾಠ ಆದದ್ದು ಒಂದು ಜುಲೈ ಸಂಜೆ. ದೇವಿಮನೆ ಘಟ್ಟದ ಕೆಳಗಿನ ಬ್ರಾಂಚಲ್ಲಿ ಗುಮಾಸ್ತರು ಒಬ್ಬ ರೈತರ ರಾಶಿ ಅಡಿಕೆ ಬಿಲ್ ಹಾಕಿ ಸೇವ್ ಒತ್ತಿದ್ದಾರೆ, ಚಕ್ರ ತಿರುಗ್ತಾ ಇದೆ ತಿರುಗ್ತಾ ಇದೆ ನಿಲ್ಲೂದೇ ಇಲ್ಲ, ನೆಟ್ ಬಂದ ಮೇಲೆ ಪಾಪ ಇನ್ನೊಂದ್ಸಲ ಒತ್ತಿದ್ದಾರೆ, ರಾತ್ರಿ ಟ್ಯಾಲಿ ಮಾಡೋವಾಗ ನೋಡಿದ್ರೆ ಅದೇ ಎಂಟು ಚೀಲ ಹದಿನಾರಾಗಿ ಕೂತಿದೆ, ರೈತರ ಖಾತೆಗೆ ದುಡ್ಡೂ ಎರಡು ಸಲ ಜಮೆ. ಲಾಗ್ ತೆಗೆದು ನೋಡಿದಾಗ ಗೊತ್ತಾಯ್ತು, ಮೊದಲ್ನೇ ಸಲ ಒತ್ತಿದ್ದು ಸರ್ವರಿಗೆ ಮುಟ್ಟಿ ಸೇವೂ ಆಗಿತ್ತು, ‘ಆಯ್ತು’ ಅನ್ನೋ ಉತ್ತರ ಮಾತ್ರ ವಾಪಸ್ ಬರೋವಾಗ ಘಟ್ಟದಲ್ಲೇ ಕಳೆದೋಯ್ತು. ಸರ್ವರಿಗೆ ಎರಡನೇ ಬಿಲ್ಲು ಹೊಸಾ ಬಿಲ್ಲೇ, ಯಾಕಂದ್ರೆ ಬ್ರೌಸರು ಸರ್ವರು ಮಾತಾಡೋ ಪದ್ಧತಿಯಾದ ಎಚ್‌ಟಿಟಿಪಿಗೆ ಹಿಂದಿನದ್ದು ನೆನಪಿರೂದಿಲ್ಲ. ಅದ್ರಲ್ಲಿ ಕಳಿಸೋ ಕೋರಿಕೆಗಳ ಪೈಕಿ ಒಂದೇ ಗೆಟ್ (ಮಾಹಿತಿ ಕೇಳೋದು) ಆಗ್ಲಿ, ಪುಟ್ (ಇಂಥ ಜಾಗದಲ್ಲಿ ಇದನ್ನೇ ಇಡು ಅನ್ನೋದು) ಆಗ್ಲಿ ಹತ್ತು ಸಲ ಕಳಿಸಿದ್ರೂ ಸರ್ವರಲ್ಲಿ ಒಂದ್ಸಲ ಕಳಿಸಿದ ಹಾಗೇ ಇರ್ಬೇಕು ಅಂತ ನಿಯಮ ಇದೆ, ನಮ್ಮ ಬಿಲ್ಲು ಹೋಗೋ ಪೋಸ್ಟ್ ಅನ್ನೋ ಕೋರಿಕೆಗೆ ಆ ಗ್ಯಾರಂಟಿ ಇಲ್ಲ. ಆಮೇಲೆ ನಾನು ಮಾಡಿದ್ದು ಇಷ್ಟೇ, ಬಿಲ್ ಫಾರ್ಮ್ ಓಪನ್ ಆದಾಗ್ಲೇ ಅದಕ್ಕೊಂದು ನಂಬರ್ ಹುಟ್ಟೋ ಹಾಗೆ ಮಾಡಿ ಡೇಟಾಬೇಸಲ್ಲಿ ಆ ಕಾಲಮ್ಮಿಗೆ ಯುನೀಕ್ ಅಂತ ಹಾಕಿದೆ, ಅದೇ ನಂಬರ್ ಎರಡನೇ ಸಲ ಸೇರೂದಿಲ್ಲ, ದಾಸ್ತಾನು ಏರೋದು ಖಾತೆಗೆ ಜಮೆ ಆಗೋದು ಎರಡೂ ಒಂದೇ ಟ್ರಾನ್ಸಾಕ್ಷನ್ ಒಳಗೆ ತಂದೆ, ಆಗೋದಿದ್ರೆ ಎರಡೂ ಆಗ್ಬೇಕು ಇಲ್ಲಾಂದ್ರೆ ರೋಲ್‌ಬ್ಯಾಕ್, ಎರಡೂ ರದ್ದು. ಒಂದು ಮಧ್ಯಾಹ್ನದ ಕೆಲಸ. ಕಲಿಸಿದ್ರೆ ಒಂದು ಪೀರಿಯಡ್ಡು.

ಆಬ್ಜೆಕ್ಟ್ ಓರಿಯೆಂಟೆಡ್ (ಮಾಹಿತಿ, ಅದು ಮಾಡೋ ಕೆಲಸ ಎರಡನ್ನೂ ‘ಕ್ಲಾಸ್’ ಅನ್ನೋ ಒಂದು ಅಚ್ಚಿನಲ್ಲಿ ಒಟ್ಟಿಗೆ ಬರೆಯೋ ರೀತಿ) ಅಂತ ಕಲಿಸೋದೂ ಹೀಗೇ. ಆನಿಮಲ್ ಕ್ಲಾಸು, ಅದ್ರಿಂದ ಡಾಗು ಕ್ಯಾಟು, ಒಂದು ಬೊಗಳ್ತದೆ ಇನ್ನೊಂದು ಮಿಯಾಂವ್ ಅಂತದೆ, ಮುಗೀತು ಇನ್‌ಹೆರಿಟೆನ್ಸು (ಒಂದು ಕ್ಲಾಸಿನ ಗುಣ ಅದ್ರಡಿಯ ಕ್ಲಾಸಿಗೆ ಬರೋದು). ನಾರ್ವೆಯ ಡಾಲ್ ಮತ್ತು ನೀಗಾರ್ಡ್ 1967ರ ಸಿಮುಲಾ ಭಾಷೆಗೆ ಕ್ಲಾಸು, ಸಬ್‌ಕ್ಲಾಸು ತಂದದ್ದು ನಿಜವಾದ ಕೆಲಸಗಳನ್ನ ಕಂಪ್ಯೂಟರಲ್ಲಿ ನಡೆಸಿ ನೋಡ್ಲಿಕ್ಕೆ, ನಾಯಿ ಬೊಗಳಿಸ್ಲಿಕ್ಕಲ್ಲ. ನಾನು ಆ ಪಾಠ ನಂಬ್ಕೊಂಡು ಮೊದ್ಲು ಅಡಿಕೆ ಅಂತ ಒಂದು ಕ್ಲಾಸ್, ಅದ್ರಡಿ ರಾಶಿ, ಚಾಲಿ, ಬೆಟ್ಟೆ, ಬಿಳೆಗೋಟು, ಕೆಂಪುಗೋಟು ಅಂತ ಒಂದೊಂದಕ್ಕೂ ಬೇರೆ ಕ್ಲಾಸ್ ಬರ್ದೆ. ತಿಂಗಳು ಬಿಟ್ಟು ನೋಡಿದ್ರೆ ಎಲ್ಲದ್ರ ಒಳಗೂ ಅದೇ ಕೋಡು, ಹೆಸರೊಂದೇ ಬೇರೆ. ಚಾಲಿ ಅಂದ್ರೆ ಹಣ್ಣಡಿಕೆ ಒಣಗಿಸಿ ಸುಲಿದದ್ದು, ರಾಶಿ ಅಂದ್ರೆ ಹಸೀದು ಬೇಯಿಸಿ ಒಣಗಿಸಿದ್ದು, ಅಂಗಳದಲ್ಲಿ ಅದು ದೊಡ್ಡ ವ್ಯತ್ಯಾಸವೇ, ಆದ್ರೆ ಬಿಲ್ಲಿಗೆ ತೂಕ ಇಂಟು ದರ ಅಷ್ಟೇ. ಗ್ರೇಡ್ ಅಂತ ಒಂದು ಫೀಲ್ಡ್ ಸಾಕಿತ್ತು. ಕಮಿಷನ್ ಲೆಕ್ಕ ಸದಸ್ಯರಿಗೆ ಒಂದು, ಹೊರಗಿನವರಿಗೆ ಇನ್ನೊಂದು ಇತ್ತು ನೋಡಿ, ಇಂಟರ್‌ಫೇಸ್ (ಕರೆಯೋ ಹೆಸರು ಒಂದೇ, ಒಳಗಿನ ಲೆಕ್ಕ ಬೇರೆ ಬೇರೆ) ಬೇಕಾದದ್ದು ಅಲ್ಲಿ. (ದುಡ್ಡನ್ನ, ದಶಾಂಶ ಅಂದಾಜಲ್ಲಿ ಇಡೋ ಡಬಲ್‌ ಅನ್ನೋ ನಮೂನೆಯಲ್ಲಿ ಇಟ್ಟು ಪೈಸೆ ಹುಡುಕಿದ ಕಥೆ ಬೇರೆಯೇ ಇದೆ. ದಶಾಂಶ ಸರಿಯಾಗಿ ಇಡೋ ಬಿಗ್‌ಡೆಸಿಮಲ್ ಬಳಸಿ ಅಂತ ಮೊದಲ ದಿನವೇ ಹೇಳ್ಬೇಕಿತ್ತು.)

ಇನ್ನು ನೋಟ್ಸು. ಹೋದ ವರ್ಷ ಪಕ್ಕದ ಮನೆ ಹುಡುಗಿ ಕಾರವಾರದಿಂದ ರಜೆಗೆ ಬಂದವಳು ಕ್ಲಾಸಿನ ಪ್ರೋಗ್ರಾಂ ಓಡೂದಿಲ್ಲ ಅಂತ ಮೂರು ದಿನ ತಲೆ ಕೆಡಿಸ್ಕೊಂಡು ಕೊನೆಗೆ ನನ್ನ ಹತ್ರ ತಂದ್ಲು. ನೋಟ್ಸಲ್ಲಿ ಜಾವಾಎಕ್ಸ್ ಅಂತ ಹಳೇ ಪ್ಯಾಕೇಜ್ (ಕೋಡಿನ ಕಟ್ಟು) ಹೆಸರಿದೆ, ಅವಳು ಹಾಕ್ಕೊಂಡದ್ದು ಹೊಸ ಹೆಸರು ಕೇಳೋ ಟಾಮ್‌ಕ್ಯಾಟ್ 10 ಸರ್ವರ್. ಜಾವಾದ ಸರ್ವರ್ ಕೆಲಸದ ಭಾಗ ‘ಜಾವಾ ಇಇ’ ಎಕ್ಲಿಪ್ಸ್ ಫೌಂಡೇಶನ್ ಅನ್ನೋ ಸಂಸ್ಥೆಗೆ ಹೋದ ಮೇಲೆ ಹೆಸರು ಜಕಾರ್ತಾ ಆಯ್ತು, 2020ರಲ್ಲಿ ಪ್ಯಾಕೇಜ್ ಹೆಸರೂ ಜಾವಾಎಕ್ಸ್ ಹೋಗಿ ಜಕಾರ್ತಾ ಆಯ್ತು, ನೋಟ್ಸ್ ಮಾತ್ರ ಹಾಗೇ ಜೆರಾಕ್ಸ್ ಆಗ್ತಾ ಬಂದಿದೆ. ಹುಡುಗಿ ತಾನು ದಡ್ಡಿ ಅಂದ್ಕೊಂಡು ಅತ್ತಿದ್ಲಂತೆ.

ಕ್ಲಾಸ್ ನಡೆಸೋರಿಗೆ ನನ್ನ ಬೇಡಿಕೆ ದೊಡ್ಡದೇನಲ್ಲ. ಎರಡು ಹಳೇ ಕಂಪ್ಯೂಟರ್ ತಗೊಳ್ಳಿ, ಒಂದ್ರಲ್ಲಿ ಸರ್ವರ್, ಇನ್ನೊಂದ್ರಲ್ಲಿ ಬ್ರೌಸರ್ ಇಡಿ. ಹುಡುಗ್ರು ಸೇವ್ ಒತ್ತಿದ ಕೂಡ್ಲೆ ನೀವು ಕೇಬಲ್ ಕಿತ್ತುಬಿಡಿ, ಆಮೇಲೆ ‘ಬಿಲ್ ಆಯ್ತಾ ಇಲ್ವಾ, ಹೇಳಿ’ ಅಂತ ಕೇಳಿ. ಆ ಹುಡುಗಿಗೆ ನಾನು ನಮ್ಮನೆ ಜಗಲಿಯಲ್ಲಿ ಹಾಗೇ ಕೇಳಿದೆ. ಐದು ನಿಮಿಷ ಸುಮ್ನೆ ಕೂತವಳು ‘ಇಲ್ಲಿಂದ ಗೊತ್ತಾಗೂದೇ ಇಲ್ಲ ಅಲ್ದಾ ಅಣ್ಣ’ ಅಂದ್ಲು.

– ನಿಮ್ಮ ಓದುಗ, ಶಿರಸಿ